ಹಿನ್ನೀರಿನ ದಂಡೆಯ ಊರಿಗೆ ಒಳಚರಂಡಿ: ಬಾಗಲಕೋಟೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ವಾರ್ಡ್ ಸಭೆಯಲ್ಲಿ, ಚಹಾದ ಅಂಗಡಿಯಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಜನ ಕೇಳುತ್ತಲೇ ಇರುವ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಲೆಕ್ಕ ಬೇಕಾದ ಕಡೆ 1.25 ಲಕ್ಷ ಜನರ ಊರು ಅಂತ ಹಿಡಿದಿದ್ದೇನೆ. ಅದು ಲೆಕ್ಕ ಹಾಕುವ ರೀತಿ ತೋರಿಸಲು ಮಾತ್ರ, ನಗರಸಭೆಯ ಅಂಕಿಅಂಶ ಅಲ್ಲ. ಮೊದಲಿನ ಪ್ರಶ್ನೆಗಳು ಸರಳ. ಕೊನೆಯವು ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಕೈಯಲ್ಲಿ ಹಿಡಿದು ಕೂತವರಿಗೆ.

## ಮೊದಲು ತಿಳಿಯಬೇಕಾದ್ದು

ಯುಜಿಡಿ ಅಂದ್ರ ಏನು, ಎಸ್‌ಟಿಪಿ ಅಂದ್ರ ಏನು? ಎರಡೂ ಒಂದೇ ಏನ್ರೀ?

ಅಲ್ಲ. ಯುಜಿಡಿ ಅಂದರೆ ನೆಲದೊಳಗಿನ ಪೈಪುಗಳ ಜಾಲ. ಮನೆಯ ಸಂಡಾಸ, ಬಚ್ಚಲು, ಅಡುಗೆಮನೆಯ ನೀರು ಮೊದಲು ಚೇಂಬರಿಗೆ ಬರುತ್ತದೆ. ಅಲ್ಲಿಂದ ಓಣಿಯ ಪೈಪಿಗೆ, ಓಣಿಯಿಂದ ದೊಡ್ಡ ಪೈಪಿಗೆ ಇಳಿಯುತ್ತದೆ. ಇಳಿಜಾರು ಮುಗಿದ ಕಡೆ ಒಂದು ಆಳವಾದ ಬಾವಿ ಕಟ್ಟಿರುತ್ತಾರೆ, ಅದೇ ವೆಟ್‌ವೆಲ್. ಅಲ್ಲಿನ ಪಂಪು ನೀರನ್ನು ಎತ್ತಿ ಎಸ್‌ಟಿಪಿಗೆ ದೂಡುತ್ತದೆ. ಎಸ್‌ಟಿಪಿ ಅಂದರೆ ಆ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕ.

ಊರಲ್ಲಿ ಜಗಳ ಯಾವಾಗಲೂ ಎಸ್‌ಟಿಪಿಯದ್ದೇ. ಕೆಡುವುದು ಮಾತ್ರ ಹೆಚ್ಚಾಗಿ ಪೈಪು ಮತ್ತು ವೆಟ್‌ವೆಲ್. ಹೀಗಾಗಿ ನನ್ನ ಮಾತು ಇಷ್ಟೇ: ಯಾವ ಮಷಿನು ಅನ್ನೋದನ್ನು ಕೊನೆಗೆ ನೋಡೋಣ. ನೀರು ಘಟಕದ ತನಕ ಬರುತ್ತದಾ? ಬಂದ ಮೇಲೆ ಘಟಕ ನಡೆಸಲು ತಿಂಗಳು ತಿಂಗಳು ದುಡ್ಡು ಇದೆಯಾ? ಮೊದಲು ಇವೆರಡು ಬಗೆಹರಿಯಲಿ.

ಗಟಾರದ ನೀರು ಹಳ್ಳಕ್ಕ ಹೋಗಿ ತಾನೇ ಸ್ವಚ್ಛ ಆಗತೈತಲ್ಲ, ಅಷ್ಟು ಖರ್ಚು ಯಾಕ?

ಹರಿಯುವ ನೀರಿಗೆ ಆ ಶಕ್ತಿ ಇದೆ, ನಿಜ. ನೀರಲ್ಲಿ ಕರಗಿದ ಆಮ್ಲಜನಕ ಬಳಸಿಕೊಂಡು ಬ್ಯಾಕ್ಟೀರಿಯಾ ಹೊಲಸನ್ನು ತಿನ್ನುತ್ತವೆ. ಹೊಲಸು ಜಾಸ್ತಿಯಾದರೆ ಆಮ್ಲಜನಕ ತೀರುತ್ತದೆ. ಆಗ ಮೀನು ಸಾಯುತ್ತವೆ, ನೀರು ಕಪ್ಪಾಗಿ ನಾರುತ್ತದೆ. ಹೊಲಸು ಎಷ್ಟು ಆಮ್ಲಜನಕ ನುಂಗುತ್ತದೆ ಅನ್ನುವ ಅಳತೆಗೆ ಬಿಒಡಿ ಅಂತಾರೆ. ಮನೆಗಳ ಕೊಳಚೆಯಲ್ಲಿ ಇದು ಲೀಟರಿಗೆ 200ರಿಂದ 300 ಮಿಲಿಗ್ರಾಂ ಇರುತ್ತದೆ. ನದಿ ನೀರು ಸ್ನಾನಕ್ಕೆ ಯೋಗ್ಯ ಅನ್ನಿಸಿಕೊಳ್ಳಬೇಕಾದರೆ 3 ದಾಟಬಾರದು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಬಾಗಲಕೋಟೆಯ ಹತ್ತಿರ ಘಟಪ್ರಭೆ ವರ್ಷದ ಬಹಳ ದಿನ ಹರಿಯುವ ಹೊಳೆಯಲ್ಲ, ಆಲಮಟ್ಟಿಯ ಹಿನ್ನೀರು. ನಿಂತ ನೀರಿಗೆ ಗಾಳಿಯಿಂದ ಆಮ್ಲಜನಕ ಸೇರುವುದು ನಿಧಾನ. ಹಾಕಿದ ಹೊಲಸು ಹಾಕಿದಲ್ಲೇ ಕೂರುತ್ತದೆ.

ಕರಾವಳಿ ಊರಾಗ ಸಮುದ್ರಕ್ಕ ಬಿಡ್ತಾರಂತಲ್ಲ, ನಮಗೂ ಸಮುದ್ರದಂಥಾ ಹಿನ್ನೀರು ಐತಲ್ರೀ?

ಅಲ್ಲಿಯೂ ಹಾಗೇ ಬಿಡುವಂತಿಲ್ಲ. ಸಂಸ್ಕರಿಸದ ಕೊಳಚೆಯನ್ನು ಕಡಲಿಗೆ ಬಿಡುವುದಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ನಿಷೇಧ ಇದೆ. ಮುಂಬೈಯ ವರ್ಲಿ, ಬಾಂದ್ರಾಗಳಲ್ಲಿ ನೀರನ್ನು ದಂಡೆಯಿಂದ 3 ಕಿಲೋಮೀಟರಿಗೂ ಆಚೆ ಸಮುದ್ರದ ತಳದ ಸುರಂಗದಲ್ಲಿ ಒಯ್ದು ಬಿಡುತ್ತಾರೆ. ಹತ್ತಿರ ಬಿಟ್ಟರೆ ಅಲೆಯ ಜೊತೆ ಮತ್ತೆ ದಂಡೆಗೇ ಬರುತ್ತದೆ ಅಂತ.

ಕರಾವಳಿಯ ಎಂಜಿನಿಯರುಗಳ ತಲೆನೋವು ಭರತ. ದಿನಕ್ಕೆ ಎರಡು ಸಲ ಕಡಲು ಏರಿ ಹೊರಬಾಯಿಯ, ಅಂದರೆ ನೀರು ಹೊರಗೆ ಬಿಡುವ ಕೊನೆಯ ಪೈಪಿಗೆ ನೀರು ವಾಪಸ್ ನುಗ್ಗುತ್ತದೆ. ಉಪ್ಪುನೀರು ಸಂದಿಯಿಂದ ಒಳಗೆ ಸೇರಿ ಪಂಪನ್ನು ತಿನ್ನುತ್ತದೆ, ಘಟಕದ ಬ್ಯಾಕ್ಟೀರಿಯಾವನ್ನೂ ಕೆಡಿಸುತ್ತದೆ. ನಮ್ಮ ಹಿನ್ನೀರಿಗೆ ಉಪ್ಪಿಲ್ಲ, ಭರತ ಇದೆ. ಆದರೆ ವರ್ಷಕ್ಕೆ ಒಂದೇ ಭರತ. ಮಳೆಗಾಲದಲ್ಲಿ ಏರಿದ್ದು ತಿಂಗಳುಗಟ್ಟಲೆ ನಿಲ್ಲುತ್ತದೆ, ಬೇಸಿಗೆಗೆ ಸರಿಯುತ್ತದೆ. ನೀರು ಏರಿ ನಿಂತ ತಿಂಗಳುಗಳಲ್ಲಿ ಹೊರಬಾಯಿ ಪೂರಾ ಮುಳುಗಿರುತ್ತದೆ. ಹಿಮ್ಮುಖ ನೀರು ತಡೆಯುವ ಫ್ಲ್ಯಾಪ್ ವಾಲ್ವ್ ಇಲ್ಲದಿದ್ದರೆ ಹಿನ್ನೀರೇ ವೆಟ್‌ವೆಲ್‌ಗೆ ಬರುತ್ತದೆ. ಪಂಪು ಹಗಲು ರಾತ್ರಿ ಹೊಳೆಯನ್ನೇ ಎತ್ತುತ್ತಾ ಕೂರುತ್ತದೆ, ಬಿಲ್ಲು ನಾವು ಕಟ್ಟುತ್ತೇವೆ.

ನಮ್ಮ ಮನ್ಯಾಗ ಸೆಪ್ಟಿಕ್ ಟ್ಯಾಂಕ್ ಐತಿ. ಮತ್ತ ಯುಜಿಡಿಗೆ ಯಾಕ ಜೋಡಿಸಬೇಕು?

ನಿಮ್ಮದು ನಿಜವಾದ ಸೆಪ್ಟಿಕ್ ಟ್ಯಾಂಕಾ ಅಂತ ಮೊದಲು ನೋಡಿ. ತಳಕ್ಕೆ ಕಾಂಕ್ರೀಟ್, ನಡುವೆ ಅಡ್ಡಗೋಡೆ, ಹೊರಗೆ ಬಂದ ನೀರಿಗೆ ಇಂಗುಗುಂಡಿ ಇರಬೇಕು. ಬಹಳ ಮನೆಗಳಲ್ಲಿ ಇರುವುದು ಕಲ್ಲು ಜೋಡಿಸಿದ ಗುಂಡಿ, ಇಲ್ಲವೇ ಟ್ಯಾಂಕಿನಿಂದ ಸೀದಾ ಗಟಾರಕ್ಕೆ ಹಾಕಿದ ಪೈಪು. ಸರಿಯಾದ ಟ್ಯಾಂಕನ್ನೂ ಎರಡು ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ಗಾಡಿ ಕರೆಸಿ ಖಾಲಿ ಮಾಡಿಸಬೇಕು. ತುಂಬಿ ಉಕ್ಕುವ ತನಕ ಕಾಯುವವರೇ ಜಾಸ್ತಿ.

ಓಣಿಯಲ್ಲಿ ಯುಜಿಡಿ ಪೈಪು ಬಂದಿದ್ದರೆ ಜೋಡಿಸಿಕೊಳ್ಳಿ. ಇದರಲ್ಲಿ ನಿಮ್ಮ ಮನೆಯ ಅನುಕೂಲ ಮಾತ್ರ ಇಲ್ಲ. ಪೈಪಿನೊಳಗೆ ನೀರು ಸೆಕೆಂಡಿಗೆ 0.6 ಮೀಟರ್ ವೇಗದಲ್ಲಾದರೂ ಹರಿದರೆ ಮಾತ್ರ ಕಸ ತಳಕ್ಕೆ ಕೂರುವುದಿಲ್ಲ. ನೂರು ಮನೆಗೆ ಹಾಕಿದ ಪೈಪಿಗೆ ಇಪ್ಪತ್ತೇ ಮನೆ ಜೋಡಿಸಿದರೆ ಆ ವೇಗ ಸಿಗಲ್ಲ. ಕಟ್ಟಿಕೊಳ್ಳುತ್ತದೆ. ಆಮೇಲೆ ಯುಜಿಡಿಯೇ ಸರಿಯಿಲ್ಲ ಅಂತ ಉಳಿದವರೂ ಜೋಡಿಸುವುದಿಲ್ಲ.

ಪೈಪು ಬರುವ ಲಕ್ಷಣವೇ ಇಲ್ಲದ ಹೊರಬಡಾವಣೆಗಳಿಗೆ ಬೇರೆ ದಾರಿ ಇದೆ. ಸಕ್ಕಿಂಗ್ ಗಾಡಿಯ ಮಲಕೆಸರನ್ನೇ ಸಂಸ್ಕರಿಸುವ ಘಟಕ. ದೇವನಹಳ್ಳಿಯಲ್ಲಿ 2015ರಿಂದ ಅಂಥದ್ದು ನಡೆಯುತ್ತಿದೆ, ದೇಶದಲ್ಲೇ ಮೊದಲನೆಯದು.

ಮಳಿ ಬಂದ ಕೂಡ್ಲೇ ಚೇಂಬರ್ ಉಕ್ಕತಾವು. ಪೈಪ್ ಸಣ್ಣದು ಹಾಕ್ಯಾರೇನು?

ಇರಬಹುದು, ಆದರೆ ಅನುಮಾನ ಮೊದಲು ಮಾಳಿಗೆಯ ಮೇಲೆ ಬರಲಿ. ಒಳಚರಂಡಿಯನ್ನು ಮಳೆನೀರಿಗಾಗಿ ಕಟ್ಟಿರುವುದಿಲ್ಲ. ಅಂಗಳ, ಮಾಳಿಗೆಯ ನೀರಿನ ಪೈಪನ್ನು ಗುಟ್ಟಾಗಿ ಚೇಂಬರಿಗೆ ಕೊಟ್ಟ ಮನೆಗಳು ಪ್ರತಿ ಓಣಿಯಲ್ಲೂ ಸಿಗುತ್ತವೆ. 1,000 ಚದರಡಿ ಮಾಳಿಗೆಯ ಮೇಲೆ ಒಂದು ಗಂಟೆಯಲ್ಲಿ 25 ಮಿಲಿಮೀಟರ್ ಮಳೆ ಬಿದ್ದರೆ 2,300 ಲೀಟರ್ ನೀರು. ಐದು ಜನರ ಮನೆ ಇಡೀ ದಿನ ಬಿಡುವ ಕೊಳಚೆ ಇದರ ಕಾಲು ಭಾಗಕ್ಕಿಂತ ಚೂರು ಕಡಿಮೆಯೇ. ಮಳೆನೀರಿಗೆ ಗಟಾರ, ಕೊಳಚೆಗೆ ಪೈಪು. ಇವೆರಡನ್ನು ಬೇರೆ ಮಾಡಿದರೆ ಉಕ್ಕುವ ಚೇಂಬರುಗಳಲ್ಲಿ ಬಹುಪಾಲು ತಣ್ಣಗಾಗುತ್ತವೆ.

ಖಾನಾವಳಿಗಳ ಎಣ್ಣೆ, ಪ್ಯಾಡು, ಪ್ಲಾಸ್ಟಿಕ್, ನೀರೊಲೆಯ ಬೂದಿ ಉಳಿದ ತಪ್ಪಿತಸ್ಥರು.

ಎರಿ ಮಣ್ಣಿನಾಗ ಪೈಪ್ ಒಡೀತಾವು ಅಂತಾರ, ಖರೇ ಏನು?

ಖರೇ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಹೊಲದ ಬಿರುಕಿಗೆ ಕೈ ಇಳಿಯುತ್ತದಲ್ವಾ, ಅದೇ ಎಳೆತ ನೆಲದೊಳಗಿನ ಪೈಪಿಗೂ ಇದೆ. ಹಳೆಯ ಕಾಲದ ಪಿಂಗಾಣಿ ಪೈಪುಗಳ ಸಂದಿಗೆ ಸಿಮೆಂಟು ಮೆತ್ತಿರುತ್ತಿದ್ದರು. ಸಿಮೆಂಟು ಬಗ್ಗುವುದಿಲ್ಲ, ಬಿರಿಯುತ್ತದೆ. ಬಿರಿದ ಸಂದಿಯಿಂದ ಬೇಸಿಗೆಯಲ್ಲಿ ಕೊಳಚೆ ಹೊರಗೆ, ಮಳೆಗಾಲದಲ್ಲಿ ನೆಲದ ನೀರು ಒಳಗೆ. ಜೊತೆಗೆ ಬೇವಿನ ಬೇರು.

ರಬ್ಬರ್ ರಿಂಗ್ ಕೂರಿಸಿದ ಸಂದಿ ಅಥವಾ ಬೆಸುಗೆ ಹಾಕಿದ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪು ಇಂಥ ನೆಲಕ್ಕೆ ಒಗ್ಗುತ್ತದೆ. ಅದಕ್ಕಿಂತ ಮುಖ್ಯ, ಪೈಪಿನ ಕೆಳಗೂ ಸುತ್ತಲೂ ಮರಳು ಅಥವಾ ಗರಸು ಹಾಕಿ ಕೂರಿಸುವುದು. ಅಗೆದ ಎರೆಮಣ್ಣನ್ನೇ ಮತ್ತೆ ಮುಚ್ಚುವ ಗುತ್ತಿಗೆದಾರನನ್ನು ಓಣಿಯವರೇ ನಿಂತು ತಡೆಯಬಹುದು. ಆ ಕೆಲಸ ಆಗುವುದು ಅರ್ಧ ದಿನದಲ್ಲಿ, ಅದರ ಫಲ 30 ವರ್ಷ.

## ಲೆಕ್ಕ ಮತ್ತು ಜಾಗ

ನಮ್ಮೂರಿಗೆ ಎಷ್ಟು ಎಂಎಲ್‌ಡಿ ಘಟಕ ಬೇಕು, ಹೆಂಗ ಲೆಕ್ಕ ಹಾಕ್ತಾರ?

ಎಂಎಲ್‌ಡಿ ಅಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್. ಒಳಚರಂಡಿ ಇರುವ ಊರಿಗೆ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅನ್ನುವುದು ಕೇಂದ್ರದ ಕೈಪಿಡಿಯ ಅಳತೆ. ಅದರಲ್ಲಿ ನೂರಕ್ಕೆ 80 ಕೊಳಚೆಯಾಗಿ ವಾಪಸ್ ಬರುತ್ತದೆ, ಅಂದರೆ 108 ಲೀಟರ್. 1.25 ಲಕ್ಷ ಜನಕ್ಕೆ 13.5 ಎಂಎಲ್‌ಡಿ.

ಇದು ದಿನದ ಸರಾಸರಿ. ಬೆಳಗಿನ ಹೊತ್ತು ಇದರ ಎರಡೂಕಾಲು ಪಟ್ಟು ಹರಿವು ಬರಬಹುದು ಅಂತ ಈ ಗಾತ್ರದ ಊರಿಗೆ ಹಿಡಿಯುತ್ತಾರೆ. ಪೈಪು, ಪಂಪು ಆ ಏರು ಹೊತ್ತನ್ನು ತಡೆಯಬೇಕು. ಹೊಲಸಿನ ಲೆಕ್ಕ ಬೇರೆ: ತಲೆಗೆ ದಿನಕ್ಕೆ 27 ಗ್ರಾಂ ಬಿಒಡಿ, ಇಡೀ ಊರಿಗೆ 3,375 ಕಿಲೋ. ಘಟಕದ ಗಾಳಿಯ ಮಷಿನು ಎಷ್ಟು ದೊಡ್ಡದಿರಬೇಕು ಅಂತ ನಿರ್ಧರಿಸುವುದು ಈ ಕಿಲೋ ಲೆಕ್ಕ, ಲೀಟರ್ ಅಲ್ಲ.

ಲೆಕ್ಕ ಪುಸ್ತಕದಾಗ ಐತಲ್ಲ, ಮತ್ತ ನಾಲಾದಾಗ ನಿಂತು ಅಳೆಯೋದು ಯಾಕ?

ಪುಸ್ತಕದ ಊರಲ್ಲಿ ನಲ್ಲಿ ನೀರು ದಿನಾ ಬರುತ್ತದೆ. ನಮ್ಮ ಕಡೆಯ ಬಹಳ ಊರುಗಳಲ್ಲಿ ನೀರು ಬಿಡುವ ದಿನ ಅಂತ ಒಂದಿರುತ್ತದೆ. ಆ ದಿನ ಎಲ್ಲರ ಮನೆಯಲ್ಲೂ ಬಟ್ಟೆ, ಹಾಸಿಗೆ, ಅಂಗಳ ತೊಳೆಯುವ ಸಂಭ್ರಮ. ನಾಲಾ ತುಂಬಿ ಹರಿಯುತ್ತದೆ. ಮರುದಿನ ಸೊರಗುತ್ತದೆ, ಆದರೆ ನೀರು ಕಡಿಮೆ ಇರುವುದರಿಂದ ಹೊಲಸು ಗಟ್ಟಿಯಾಗಿರುತ್ತದೆ. ಒಂದೇ ದಿನ ಅಳೆದು ವರದಿ ಬರೆದರೆ ಯಾವ ದಿನ ಅಳೆದಿರಿ ಅನ್ನೋದರ ಮೇಲೆ ಊರಿನ ಗಾತ್ರವೇ ಬದಲಾಗುತ್ತದೆ.

ಸರಿಯಾದ ಅಳತೆ ಹೀಗಿರುತ್ತದೆ. ನಾಲಾಕ್ಕೆ ಅಡ್ಡಲಾಗಿ ಒಂದು ಹಲಗೆ, ಅದರ ನಡುವೆ ಕತ್ತರಿಸಿದ ಕಚ್ಚು, ಪಕ್ಕದಲ್ಲಿ ಗೆರೆ ಹಾಕಿದ ಕೋಲು. ಗಂಟೆಗೊಮ್ಮೆ ನೀರಿನ ಎತ್ತರ ಬರೆದುಕೊಳ್ಳುತ್ತಾರೆ, ಒಂದು ಬಾಟಲಿ ನೀರು ತುಂಬಿ ಬರ್ಫದ ಡಬ್ಬಿಯಲ್ಲಿ ಇಡುತ್ತಾರೆ. ಹೀಗೆ 24 ಗಂಟೆ. ಬೆಳಿಗ್ಗೆ ಏಳರಿಂದ ಒಂಬತ್ತರ ಬಾಟಲಿಗಳು ಸಾಬೂನು ನೊರೆಯ ಬೂದು ಬಣ್ಣ. ರಾತ್ರಿ ಎರಡು ಗಂಟೆಯ ಬಾಟಲಿಯನ್ನು ನೋಡಬೇಕು. ಊರೆಲ್ಲ ಮಲಗಿದ ಹೊತ್ತಲ್ಲೂ ನಾಲಾ ಹರಿಯುತ್ತಿದ್ದು, ಬಾಟಲಿಯ ನೀರು ತಿಳಿಯಾಗಿದ್ದರೆ ಅದು ಕೊಳಚೆಯಲ್ಲ. ಎಲ್ಲೋ ಕುಡಿಯುವ ನೀರಿನ ಪೈಪು ಸೋರುತ್ತಿದೆ, ಇಲ್ಲವೇ ನೆಲದ ನೀರು ಒಳಚರಂಡಿಗೆ ಇಳಿಯುತ್ತಿದೆ. ಆ ನೀರಿಗೆಲ್ಲ ಘಟಕ ಕಟ್ಟುವುದಕ್ಕಿಂತ ಸೋರಿಕೆ ಮುಚ್ಚುವುದು ಅಗ್ಗ.

ಬೇಸಿಗೆಯಲ್ಲಿ ಒಮ್ಮೆ, ಹಿನ್ನೀರು ತುಂಬಿದಾಗ ಒಮ್ಮೆ, ನೀರು ಬಿಡುವ ದಿನ ಮತ್ತು ಬಿಡದ ದಿನ ಎರಡೂ ಸೇರಿಸಿ ಅಳೆಯಬೇಕು. ಯೋಜನೆಯ ಖರ್ಚಿನ ಮುಂದೆ ಈ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಆದರೂ ಮೊದಲು ಕೈಬಿಡುವುದು ಇದನ್ನೇ.

ಮುಂದಿನ 30 ವರ್ಷಕ್ಕ ಒಂದೇ ಸಲ ದೊಡ್ಡದು ಕಟ್ಟಿಬಿಟ್ರ ಆತಲ್ಲ?

ಪೈಪಿಗೆ ಸರಿ, ಘಟಕಕ್ಕೆ ಬೇಡ. ಪೈಪನ್ನು ಮತ್ತೆ ಅಗೆದು ದೊಡ್ಡದು ಮಾಡುವುದು ಕಷ್ಟ, ಹಾಗಾಗಿ 30 ವರ್ಷದ ಮುಂದಾಲೋಚನೆ. ಪಂಪು, ಗಾಳಿ ಊದುವ ಬ್ಲೋವರ್ ಸುಮಾರು 15 ವರ್ಷ ಬಾಳುವ ವಸ್ತು. ಘಟಕದಲ್ಲಿರುವ ಬ್ಯಾಕ್ಟೀರಿಯಾಕ್ಕೆ ಕೊಳಚೆಯೇ ಊಟ. 30 ಎಂಎಲ್‌ಡಿ ಘಟಕಕ್ಕೆ 6 ಎಂಎಲ್‌ಡಿ ನೀರು ಬಂದರೆ ಅವು ಉಪವಾಸ ಬೀಳುತ್ತವೆ, ಬ್ಲೋವರ್ ಮಾತ್ರ ಕರೆಂಟು ತಿನ್ನುತ್ತಿರುತ್ತದೆ. ಈಗ 7 ಎಂಎಲ್‌ಡಿಯ ಎರಡು ಸಾಲು ಕಟ್ಟಿ, ಮೂರನೆಯದಕ್ಕೆ ಜಾಗ ಬಿಟ್ಟು ಪೈಪಿನ ಬಾಯಿ ಇಟ್ಟುಕೊಳ್ಳುವುದು ಜಾಣತನ. ಒಂದು ಸಾಲು ರಿಪೇರಿಗೆ ನಿಂತರೆ ಇನ್ನೊಂದು ನಡೆಯುತ್ತಿರುತ್ತದೆ.

ಘಟಕಕ್ಕ ಜಾಗ ಎಲ್ಲಿ ನೋಡಬೇಕು? ಹೊಳಿ ದಂಡಿಗೆ ಸರಕಾರಿ ಜಾಗ ಸಿಗತೈತಂತ.

ಎಂಜಿನಿಯರಿಗೂ ತಗ್ಗು ಜಾಗವೇ ಇಷ್ಟ. ನೀರು ತಾನೇ ಇಳಿದು ಬರುತ್ತದೆ, ಪಂಪಿನ ಖರ್ಚು ಉಳಿಯುತ್ತದೆ. ಆದರೆ ಮುಳುಗಡೆ ಕಂಡ ಊರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ: ಇಂದಿನ ದಂಡೆ ನಾಳೆಯ ದಂಡೆಯಲ್ಲ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವ ಪೂರ್ಣ ಮಟ್ಟ 519.60 ಮೀಟರ್. ಇದನ್ನು 524.256 ಮೀಟರಿಗೆ ಏರಿಸಲು ಎರಡನೇ ಕೃಷ್ಣಾ ನ್ಯಾಯಮಂಡಳಿ ಒಪ್ಪಿದೆ. ನಡುವಿನ ಅಂತರ ನಾಲ್ಕೂವರೆ ಮೀಟರಿಗೂ ಜಾಸ್ತಿ.

ಗೇಟು ಯಾವಾಗ ಏರುತ್ತದೋ ಅದು ರಾಜಕೀಯದ ಮಾತು. ಘಟಕದ ಕಾಂಕ್ರೀಟು 30 ವರ್ಷ ಇರಬೇಕಾದದ್ದು. ಹಾಗಾಗಿ ವೆಟ್‌ವೆಲ್‌ನ ಮೇಲ್ಛಾವಣಿ, ಕರೆಂಟಿನ ಪ್ಯಾನಲ್, ಜನರೇಟರ್, ಘಟಕದ ತೊಟ್ಟಿಗಳ ಅಂಚು ಇವೆಲ್ಲ 524.256ರ ಮೇಲೆ, ಅದರ ಮೇಲೆ ಪ್ರವಾಹದ ಏರಿಕೆಯನ್ನೂ ಬಿಟ್ಟು ಇರಬೇಕು. ಹಿನ್ನೀರಿನ ಕಡೆಯ ಮ್ಯಾನ್‌ಹೋಲ್‌ಗಳಿಗೂ ಇದೇ ಮಾತು. ಎತ್ತರದ ಜಾಗ ಆರಿಸಿದರೆ ಪಂಪಿನ ಬಿಲ್ಲು ಏರುತ್ತದೆ. ಆ ಬಿಲ್ಲನ್ನು ಕಟ್ಟಿಕೊಂಡು ಹೋಗುವುದೇ ಮೇಲು ಅಂತ ನನ್ನ ಅಭಿಪ್ರಾಯ.

ಎಸ್‌ಟಿಪಿ ಬಂದ್ರ ವಾಸನೆ ಬರತೈತಿ, ನಮ್ಮ ಸೆಕ್ಟರಿನ ಹತ್ರ ಬ್ಯಾಡ.

ಸರಿಯಾಗಿ ಗಾಳಿ ಕೊಡುತ್ತಿರುವ ತೊಟ್ಟಿ ಹಸಿಮಣ್ಣಿನ ವಾಸನೆ ಬೀರುತ್ತದೆ, ಅಷ್ಟೇ. ನಾರುವುದು ಕೊಳಚೆ ಬಂದು ಬೀಳುವ ಜಾಗ, ಕಸ ಸೋಸುವ ಜಾಲರಿ, ಕೆಸರಿನ ತೊಟ್ಟಿ. ಈ ಮೂರನ್ನು ಮುಚ್ಚಿ, ಗಾಳಿಯನ್ನು ಶೋಧಿಸಿ ಬಿಡಿ ಅಂತ ಕರಾರಿನಲ್ಲೇ ಬರೆಸಿ.

## ತಂತ್ರಜ್ಞಾನ

ಎಸ್‌ಬಿಆರ್ ಒಳ್ಳೆಯದಾ, ಎಂಬಿಬಿಆರ್ ಒಳ್ಳೆಯದಾ? ಅಥವಾ ಕೆರೆ ತರಹದ ಹೊಂಡವೇ ಸಾಕಾ?

ಹೊಂಡದ ಪದ್ಧತಿಗೆ ಕರೆಂಟು ಹೆಚ್ಚುಕಡಿಮೆ ಬೇಕಿಲ್ಲ, ಬಿಸಿಲು ಬೇಕು. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಒಂದು ಎಂಎಲ್‌ಡಿಗೆ ಸುಮಾರು ಎರಡೂವರೆ ಎಕರೆ ಜಾಗ ಬೇಕು, 13.5ಕ್ಕೆ 30 ಎಕರೆ ದಾಟುತ್ತದೆ. ಹೊರಬರುವ ನೀರು ಪಾಚಿಯಿಂದ ಹಸಿರಾಗಿರುತ್ತದೆ, ಬಿಒಡಿ 10ಕ್ಕೆ ಇಳಿಯುವುದಿಲ್ಲ (ಈ 10 ಎಲ್ಲಿಂದ ಬಂತು ಅನ್ನೋದು ಮುಂದಿನ ಪ್ರಶ್ನೆಯಲ್ಲಿದೆ). ಬಾದಾಮಿ, ಮುಧೋಳದಂಥ ಚಿಕ್ಕ ಊರಿಗೆ, ನೀರು ಹೊಲಕ್ಕೆ ಹೋಗುವುದಾದರೆ, ಈಗಲೂ ಯೋಚಿಸಬೇಕಾದ ಪದ್ಧತಿ.

ಎಸ್‌ಬಿಆರ್‌ನಲ್ಲಿ ಒಂದೇ ತೊಟ್ಟಿ ಸರದಿಯಂತೆ ಎಲ್ಲ ಕೆಲಸ ಮಾಡುತ್ತದೆ. ನೀರು ತುಂಬುವುದು, ಗಾಳಿ ಊದುವುದು, ನಿಲ್ಲಿಸಿ ಕೆಸರು ಕೂರಿಸುವುದು, ಮೇಲಿನ ತಿಳಿ ತೆಗೆಯುವುದು. ಜಾಗ ಕಡಿಮೆ, ನೀರಿನ ಗುಣ ಚೆನ್ನ, ಸಾರಜನಕವೂ ಇಳಿಯುತ್ತದೆ. ಆದರೆ ಎಲ್ಲವೂ ಕಂಪ್ಯೂಟರ್, ಸೆನ್ಸರ್, ವಾಲ್ವ್‌ಗಳ ಮೇಲೆ ನಿಂತಿದೆ. ಒಂದು ವಾಲ್ವ್‌ನ ಬಿಡಿಭಾಗ ಪುಣೆಯಿಂದ ಬರಬೇಕು ಅಂತಾದರೆ ಅಷ್ಟು ದಿನ ಏನು ಮಾಡುತ್ತೀರಿ? ಎಂಬಿಬಿಆರ್‌ನಲ್ಲಿ ಬ್ಯಾಕ್ಟೀರಿಯಾ ಪ್ಲಾಸ್ಟಿಕ್ ಗುಂಡುಗಳ ಮೇಲೆ ಪೊರೆ ಕಟ್ಟಿ ಬೆಳೆಯುತ್ತವೆ, ಏರಿಳಿತ ತಾಳಿಕೊಳ್ಳುತ್ತವೆ. ಜಾಲರಿ ಹರಿದರೆ ಗುಂಡುಗಳು ಹಳ್ಳದ ಪಾಲು.

ನನ್ನನ್ನು ಕೇಳಿದರೆ, ನಿಂತ ನೀರಿಗೆ ಬಿಡುವ ಊರಿಗೆ ಎಸ್‌ಬಿಆರ್ ಸರಿ ಹೊಂದುತ್ತದೆ. ಒಂದೇ ಷರತ್ತು: ಕಟ್ಟಿದವರೇ ಹತ್ತು ವರ್ಷವಾದರೂ ನಡೆಸುವ ಕರಾರು ಇರಬೇಕು, ಕೆಲಸ ಬಲ್ಲ ಇಬ್ಬರು ಆಪರೇಟರುಗಳು ಊರಲ್ಲೇ ಇರಬೇಕು.

ಹೊರಗ ಬಿಡೋ ನೀರು ಎಷ್ಟು ಸ್ವಚ್ಛ ಇರಬೇಕು? ಒಬ್ಬರು 30 ಅಂತಾರ, ಒಬ್ಬರು 10 ಅಂತಾರ.

ಇಬ್ಬರ ಮಾತಿಗೂ ಆಧಾರ ಇದೆ. 2017ರ ಅಕ್ಟೋಬರ್‌ನ ಕೇಂದ್ರ ಅಧಿಸೂಚನೆಯಲ್ಲಿ ದೊಡ್ಡ ನಗರಗಳಿಗೆ ಬಿಒಡಿ 20, ಉಳಿದವಕ್ಕೆ 30 ಅಂತಿತ್ತು. 2019ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ಬಿಗಿ ಮಾಡಿ 10 ಅಂತ ಹೇಳಿತು, ತೇಲುವ ಕಣಗಳಿಗೆ 20. ಹೊಸದಾಗಿ ಯೋಜನೆ ಮಾಡುವವರು 10 ಹಿಡಿಯಲಿ. 30ಕ್ಕೆ ಕಟ್ಟಿ ಆಮೇಲೆ ಇಳಿಸುವುದು ದುಬಾರಿ.

ದಂಡೆಯಲ್ಲಿ ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ದನ ಕುಡಿಸುವವರು ಇರುವ ನಮ್ಮ ಊರಿಗೆ ಬಿಒಡಿಗಿಂತ ದೊಡ್ಡ ಮಾತು ಮಲದ ಬ್ಯಾಕ್ಟೀರಿಯಾದ್ದು. ಕ್ಲೋರಿನ್ ಹಾಕಿ ಅರ್ಧ ಗಂಟೆ ನಿಲ್ಲಿಸುವ ತೊಟ್ಟಿ ಡ್ರಾಯಿಂಗಿನಲ್ಲಿ ಇದೆಯಾ ನೋಡಿ.

ಹಿನ್ನೀರಿನ ತುಂಬ ಅಂತರಗಂಗೆ ಬೆಳೀತೈತಿ. ಎಸ್‌ಟಿಪಿ ಆದ್ರ ಹೋಗತೈತೇನು?

ಬಿಒಡಿ ಇಳಿಸಿದ ಮಾತ್ರಕ್ಕೆ ಹೋಗಲ್ಲ. ಅಂತರಗಂಗೆ, ಪಾಚಿಗೆ ಬೇಕಿರುವುದು ಗೊಬ್ಬರ: ಸಾರಜನಕ ಮತ್ತು ರಂಜಕ. ಸಾಮಾನ್ಯವಾಗಿ ಕಡಲಲ್ಲಿ ಕೊರತೆ ಇರುವುದು ಸಾರಜನಕಕ್ಕೆ, ಸಿಹಿನೀರಲ್ಲಿ ರಂಜಕಕ್ಕೆ. ಹೀಗಾಗಿ ಕರಾವಳಿ ಊರು ಸಾರಜನಕದ ಹಿಂದೆ ಬಿದ್ದರೆ, ನಾವು ರಂಜಕದ ಹಿಂದೆ ಬೀಳಬೇಕು. ಹಸಿರು ನ್ಯಾಯಮಂಡಳಿಯ ಅದೇ ಆದೇಶದಲ್ಲಿ ಕೆರೆಯಂಥ ನಿಂತ ನೀರಿಗೆ ಬಿಡುವುದಾದರೆ ರಂಜಕ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು ಅಂತಿದೆ. ಸ್ಫಟಿಕ (ಆಲಂ) ಅಥವಾ ಫೆರಿಕ್ ಕ್ಲೋರೈಡ್ ಹಾಕಿದರೆ ರಂಜಕ ಗಟ್ಟಿಯಾಗಿ ಕೆಸರಿನ ಜೊತೆ ಕೂರುತ್ತದೆ. ಔಷಧಿ ಖರ್ಚು, ಕೆಸರು ಎರಡೂ ಏರುತ್ತವೆ. ಸುತ್ತಲಿನ ಕಬ್ಬಿನ ಗದ್ದೆಗಳಿಂದ ಹರಿದು ಬರುವ ಗೊಬ್ಬರ ಬೇರೆ ಇದೆ. ಅದನ್ನು ಎಸ್‌ಟಿಪಿ ತಡೆಯಲಾರದು.

ಕೆಸರು ಎಷ್ಟು ಬರತೈತಿ? ಅದನ್ನ ಎಲ್ಲಿ ಹಾಕೋದು?

13.5 ಎಂಎಲ್‌ಡಿ ಪೂರ್ತಿ ನಡೆದರೆ ಒಣ ತೂಕದಲ್ಲಿ ದಿನಕ್ಕೆ ಎರಡೂವರೆಯಿಂದ ಮೂರು ಟನ್. ಮಷಿನಿನಲ್ಲಿ ಹಿಂಡಿದ ಮೇಲೂ ನೂರಕ್ಕೆ 80 ಪಾಲು ನೀರೇ ಇರುತ್ತದೆ. ಹಾಗಾಗಿ ಸಾಗಿಸಬೇಕಾದದ್ದು 13 ಟನ್ ಆಸುಪಾಸು, ದಿನಾ ಒಂದೆರಡು ಟಿಪ್ಪರ್. ನಮ್ಮ ಬಿಸಿಲಿಗೆ ಕೆಸರನ್ನು ಹರಡಿ ಒಣಗಿಸುವ ಒಣಹಾಸು ಚೆನ್ನಾಗಿ ಕೆಲಸ ಮಾಡುತ್ತದೆ, ಮಳೆಗಾಲಕ್ಕೆ ಮಾತ್ರ ಮಷಿನು ಬೇಕು. ಚೆನ್ನಾಗಿ ಒಣಗಿಸಿ, ಹಸಿ ಕಸದ ಜೊತೆ ಕಾಂಪೋಸ್ಟ್ ಮಾಡಿ, ಭಾರಲೋಹ ಪರೀಕ್ಷೆ ಮಾಡಿಸಿದರೆ ಹೊಲಕ್ಕೆ ಹಾಕಬಹುದು. ಬಹಳ ಯೋಜನಾ ವರದಿಗಳಲ್ಲಿ ಕೆಸರಿಗೆ ಅರ್ಧ ಪುಟ ಸಿಕ್ಕರೆ ಹೆಚ್ಚು.

ಇಳಕಲ್ಲಿನ ಬಣ್ಣದ ನೀರನ್ನೂ ಇದಕ್ಕ ಬಿಟ್ರ ನಡೀತೈತೇನು?

ಬೇಡ. ಬಹಳ ಬಣ್ಣಗಳನ್ನು ಬ್ಯಾಕ್ಟೀರಿಯಾ ತಿನ್ನುವುದಿಲ್ಲ. ಜೊತೆಗೆ ಬಣ್ಣ ಹಾಕುವಾಗ ಬಳಸಿದ ಉಪ್ಪು ಎಸ್‌ಟಿಪಿಯಲ್ಲಿ ಹೋಗುವುದೇ ಇಲ್ಲ. ನೇಕಾರರ ಊರುಗಳಲ್ಲಿ ಬಣ್ಣದ ಮನೆಗಳಿಗೆ ಸೇರಿ ಒಂದು ಪ್ರತ್ಯೇಕ ಚಿಕ್ಕ ಘಟಕ ಬೇಕು.

ಶುದ್ಧ ಆದ ನೀರನ್ನ ಹೊಲಕ್ಕ ಕೊಡಬಹುದಲ್ಲ? ಕೂಡಗಿಯ ವಿದ್ಯುತ್ ಸ್ಥಾವರಕ್ಕ ಮಾರಬಹುದು ಅಂತಾನೂ ಕೇಳೇವಿ.

ಹೊಲಕ್ಕೆ ಕೊಡಬಹುದು. ಇವತ್ತೂ ರೈತರು ಸಂಸ್ಕರಿಸದ ನಾಲಾ ನೀರನ್ನೇ ಪಂಪು ಹಚ್ಚಿ ಎತ್ತುತ್ತಾರೆ, ಬೇಸಿಗೆಯಲ್ಲಿ ಬತ್ತದ ನೀರು ಅದೊಂದೇ ಅಂತ. ಅದರಲ್ಲಿ ಜಂತುಹುಳದ ಮೊಟ್ಟೆಗಳಿರುತ್ತವೆ. ಮೂಲಂಗಿ, ಕೊತ್ತಂಬರಿ, ಮೆಂತ್ಯೆಯಂಥ ಹಸಿ ತಿನ್ನುವ ಬೆಳೆಗೆ ಅದು ಸಲ್ಲ. ಸಂಸ್ಕರಿಸಿದ ನೀರನ್ನು ಕಬ್ಬು, ಮೇವು, ಗಿಡಮರಕ್ಕೆ ಧೈರ್ಯವಾಗಿ ಹಾಯಿಸಬಹುದು. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಅಲ್ಲಿ ಅಂತರ್ಜಲದ ಗುಣದ ಬಗ್ಗೆ ಚರ್ಚೆಯೂ ಅಷ್ಟೇ ನಡೆದಿದೆ.

ಕೂಡಗಿಯ ಮಾತು ಗಾಳಿಮಾತಲ್ಲ. ಎಸ್‌ಟಿಪಿಯಿಂದ 50 ಕಿಲೋಮೀಟರ್ ದೂರದೊಳಗಿನ ಉಷ್ಣ ವಿದ್ಯುತ್ ಸ್ಥಾವರ ಆ ಸಂಸ್ಕರಿಸಿದ ನೀರನ್ನು ಬಳಸಲೇಬೇಕು ಅಂತ 2016ರ ಕೇಂದ್ರ ವಿದ್ಯುತ್ ದರ ನೀತಿಯಲ್ಲಿದೆ. 2,400 ಮೆಗಾವಾಟ್‌ನ ಕೂಡಗಿ ಸ್ಥಾವರ ಬಾಗಲಕೋಟೆಯಿಂದಲೂ ವಿಜಯಪುರದಿಂದಲೂ ನೇರ ಅಂತರದಲ್ಲಿ ಸುಮಾರು 40 ಕಿಲೋಮೀಟರ್. ಈಗ ಅದು ಆಲಮಟ್ಟಿ ಹಿನ್ನೀರನ್ನು ಬಳಸುತ್ತದೆ. ಎರಡು ಊರು ಸೇರಿ ಕೇಳಿದರೆ ಮಾತಿಗೆ ತೂಕ ಬರುತ್ತದೆ. 40 ಕಿಲೋಮೀಟರ್ ಪೈಪಿನ ಖರ್ಚು ಯಾರದು ಅನ್ನೋದೇ ಅಲ್ಲಿನ ನಿಜವಾದ ಪ್ರಶ್ನೆ.

## ದುಡ್ಡು, ಜನ, ಕಾಗದಪತ್ರ

ಕಟ್ಟಲಿಕ್ಕೆ ಸರಕಾರ ದುಡ್ಡು ಕೊಡತೈತಿ. ನಡಸೋರು ಯಾರು?

ಕಟ್ಟುವ ದುಡ್ಡಿಗೆ ದಾರಿಗಳಿವೆ. 2021ರ ಅಕ್ಟೋಬರ್ 1ರಂದು ಶುರುವಾದ ಅಮೃತ್ 2.0ರಲ್ಲಿ 1ರಿಂದ 10 ಲಕ್ಷ ಜನಸಂಖ್ಯೆಯ ಊರಿಗೆ ಕೇಂದ್ರದ ಪಾಲು ಮೂರರಲ್ಲಿ ಒಂದು. 1 ಲಕ್ಷಕ್ಕಿಂತ ಚಿಕ್ಕ ಊರುಗಳ ಕೊಳಚೆ ನೀರಿಗೆ ಸ್ವಚ್ಛ ಭಾರತ 2.0ರಲ್ಲಿ ಅವಕಾಶ. ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕಟ್ಟಿ ನಗರಸಭೆಗೆ ಒಪ್ಪಿಸುತ್ತದೆ. ಒಪ್ಪಿಸಿದ ದಿನದಿಂದ ಬಿಲ್ಲು ನಗರಸಭೆಯದು.

ಗಾಳಿ ಊದುವ ಘಟಕಕ್ಕೆ ಒಂದು ಎಂಎಲ್‌ಡಿಗೆ 150ರಿಂದ 250 ಯೂನಿಟ್ ಕರೆಂಟು ಬೇಕು. ನಡುವಿನ 200 ಹಿಡಿದರೆ 13.5ಕ್ಕೆ ದಿನಕ್ಕೆ 2,700 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಅಂತ ಸುಮ್ನೆ ಹಿಡಿಯೋಣ. ವರ್ಷಕ್ಕೆ 69 ಲಕ್ಷ. ವೆಟ್‌ವೆಲ್ ಪಂಪುಗಳು, ಔಷಧಿ, ಸಂಬಳ, ರಿಪೇರಿ ಇದರಲ್ಲಿ ಸೇರಿಲ್ಲ. 25,000 ಮನೆಗಳಿಗೆ ಹಂಚಿದರೆ ಕರೆಂಟೊಂದಕ್ಕೇ ಮನೆಗೆ ತಿಂಗಳಿಗೆ 23 ರೂಪಾಯಿ. ದೊಡ್ಡ ಮೊತ್ತವಲ್ಲ. ಆದರೆ ಆ 23 ರೂಪಾಯಿ ಎಲ್ಲಿಂದ ಬರುತ್ತದೆ ಅಂತ ಕೌನ್ಸಿಲ್ ಠರಾವಿನಲ್ಲಿ ಬರೆಯದೆ ಟೆಂಡರ್ ಕರೆಯಬಾರದು.

ಟೆಂಡರಿನಲ್ಲೂ ಕಟ್ಟುವ ದರ ಮಾತ್ರ ನೋಡಬೇಡಿ. 15 ವರ್ಷದ ಕರೆಂಟಿನ ಖರ್ಚನ್ನೂ ಕೂಡಿಸಿ ಯಾರದು ಕಡಿಮೆ ಅಂತ ನೋಡಿ. ಅಗ್ಗದ ಬ್ಲೋವರ್ ಕೊಟ್ಟವನು ಆಗ ಸೋಲುತ್ತಾನೆ.

ಮ್ಯಾನ್‌ಹೋಲ್ ಕಟ್ಟಿಕೊಂಡ್ರ ಒಬ್ಬರನ್ನ ಇಳಿಸಿ ಬಿಡಿಸಬಹುದಲ್ಲ?

ಇಲ್ಲ. ರಕ್ಷಣಾ ಸಾಧನ ಇಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಮನೆಯವರು ದುಡ್ಡು ಕೊಟ್ಟು ಇಳಿಸಿದರೂ ಅಷ್ಟೇ. ಒಳಗಿನ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಿದ್ದಾಗ ಮೂಗಿಗೆ ವಾಸನೆಯೇ ತಿಳಿಯದಂತೆ ಮಾಡುತ್ತದೆ. ಎರಡು ಉಸಿರಿಗೆ ಆಳು ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ಸಾವಿಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದೆ. ಜೋರು ನೀರು ಚಿಮ್ಮಿಸಿ ಕಟ್ಟಿದ್ದನ್ನು ಬಿಡಿಸುವ ಜೆಟ್ಟಿಂಗ್ ಗಾಡಿಗೆ 14420ಕ್ಕೆ ಫೋನ್ ಮಾಡಿ. ಯೋಜನೆ ಮಾಡುವವರು ಹಳೇ ಬಾಗಲಕೋಟೆಯ ಸಂದಿಗಳಿಗೆ ನುಗ್ಗುವಂಥ ಚಿಕ್ಕ ಗಾಡಿಯನ್ನೂ ಅಂದಾಜಿಗೆ ಸೇರಿಸಲಿ. ದೊಡ್ಡ ಗಾಡಿ ತಿರುಗದ ಓಣಿಯಲ್ಲೇ ಮನುಷ್ಯರನ್ನು ಇಳಿಸುವುದು.

ಎಸ್‌ಟಿಪಿ ಚಾಲೂ ಐತೋ ಇಲ್ಲೋ, ನಮ್ಮಂಥವರಿಗೆ ಹೆಂಗ ಗೊತ್ತಾಗತೈತಿ?

ಲ್ಯಾಬ್ ವರದಿಗಿಂತ ಮೊದಲು ಎರಡು ಕಾಗದ ಕೇಳಿ: ಘಟಕದ ಕರೆಂಟು ಬಿಲ್ಲು ಮತ್ತು ಕೆಸರು ಸಾಗಿಸಿದ ಲಾರಿಗಳ ದಾಖಲೆ. 13.5 ಎಂಎಲ್‌ಡಿ ಶುದ್ಧ ಮಾಡುತ್ತೇವೆ ಅಂತ ಬೋರ್ಡು ಇದ್ದು, ಬಿಲ್ಲಿನಲ್ಲಿ ದಿನಕ್ಕೆ 500 ಯೂನಿಟ್ ಇದ್ದರೆ ಬ್ಲೋವರ್ ತಿರುಗುತ್ತಿಲ್ಲ. ಆರು ತಿಂಗಳಿಂದ ಕೆಸರಿನ ಲಾರಿ ಹೊರಟಿಲ್ಲ ಅಂದರೆ ಕೆಸರು ಹಳ್ಳಕ್ಕೆ ಹೋಗಿದೆ, ಇಲ್ಲವೇ ನೀರು ಘಟಕಕ್ಕೇ ಬಂದಿಲ್ಲ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಗೆ ಎರಡೂ ಸಿಗುತ್ತವೆ.

ಡಿಪಿಆರ್ ಪ್ರತಿ ಸಿಕ್ಕೈತಿ, 400 ಪುಟ. ಮೊದಲು ಯಾವ ಪುಟ ನೋಡಲಿ?

ಯಂತ್ರಗಳ ಬಣ್ಣದ ಚಿತ್ರಗಳನ್ನು ಬಿಡಿ. ಅಳತೆಯ ಪುಟಕ್ಕೆ ಹೋಗಿ: ನಾಲಾದಲ್ಲಿ ಯಾವ ತಿಂಗಳು, ಎಷ್ಟು ಗಂಟೆ ಅಳೆದರು ಅಂತ ಬರೆದಿದೆಯಾ? ಬರೀ 135 ಗುಣಿಸು 0.8 ಇದ್ದರೆ ಅಳೆದಿಲ್ಲ ಅಂತಲೇ ಅರ್ಥ. ಆಮೇಲೆ ಮನೆ ಜೋಡಣೆಯ ಸಾಲು. ಬೀದಿಯಲ್ಲಿ ಪೈಪು ಹಾಕುವುದಕ್ಕೆ ಮಾತ್ರ ದುಡ್ಡು ಇಟ್ಟು, ಮನೆಯಿಂದ ಚೇಂಬರಿನ ತನಕ ಮಾಲೀಕರೇ ಮಾಡಿಕೊಳ್ಳಲಿ ಅಂತ ಬಿಟ್ಟಿದ್ದರೆ ಅರ್ಧ ಊರು ಜೋಡಿಸುವುದಿಲ್ಲ. ಮೂರನೆಯದು ಮಟ್ಟಗಳ ನಕ್ಷೆ, ಅದರಲ್ಲಿ 519.60 ಇದೆಯೋ 524.256 ಇದೆಯೋ ಅಂತ ಹುಡುಕಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಾಪನಾ ಸಮ್ಮತಿಯ ಪ್ರತಿ ಅನುಬಂಧದಲ್ಲಿದೆಯಾ ಹುಡುಕಿ. ಅದರಲ್ಲಿ ಬರೆದ ಬಿಒಡಿ ಮಿತಿಯೂ ಟೆಂಡರಿನಲ್ಲಿ ಬರೆದ ಮಿತಿಯೂ ಒಂದೇ ಇದೆಯಾ ನೋಡಿ. ಬೇರೆ ಬೇರೆ ಇದ್ದರೆ ಮುಂದಿನ ವಾರ್ಡ್ ಸಭೆಯಲ್ಲಿ ಬರವಣಿಗೆಯಲ್ಲೇ ಕೇಳಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.